ಮಾತ್ರೆ ಗೊತ್ತು, ಸುಬ್ಬರಾವ್ ಗೊತ್ತಿಲ್ಲ!

ಆನೆಕಾಲು ರೋಗ ತಡೆಯಲು ಆರೋಗ್ಯ ಕಾರ್ಯಕರ್ತೆಯರು ಮನೆ ಬಾಗಿಲಿಗೇ ತಂದು ನುಂಗಿಸುವ ಡಿ.ಇ.ಸಿ. ಮಾತ್ರೆ ಸೊಲ್ಲಾಪುರ, ಕಲಬುರಗಿ ಕಡೆಯವರಿಗೆ ಹೊಸದೇನಲ್ಲ. ಬಸುರಿಯರಿಗೆ ಕೊಡುವ ಫೋಲಿಕ್ ಆಮ್ಲವಂತೂ ಎಲ್ಲ ಮನೆಗಳಿಗೂ ಬಂದಿರುತ್ತೆ. ಇವೆರಡರ ಹಿಂದೆಯೂ ಇರುವುದು ಆಂಧ್ರದ ಭೀಮಾವರಂನಲ್ಲಿ 1895ರ ಜನವರಿ 12ರಂದು ಹುಟ್ಟಿದ ಜೀವರಸಾಯನ ವಿಜ್ಞಾನಿ ಡಾ. ಯಲ್ಲಾಪ್ರಗಡ ಸುಬ್ಬರಾವ್. ಇದು ನಮ್ಮ ಆದೋನಿ, ರಾಯದುರ್ಗದ ಎಷ್ಟು ಮಕ್ಕಳಿಗೆ ಗೊತ್ತು?

ಬಡತನದ ಮನೆ. ಇಬ್ಬರು ಸಹೋದರರು ಸ್ಪ್ರೂ ಎಂಬ ಹೊಟ್ಟೆಯ ಬೇನೆಯಿಂದ ತೀರಿಕೊಂಡರು. ಮದ್ರಾಸ್ ಮೆಡಿಕಲ್ ಕಾಲೇಜಿಗೆ ಸೇರಿದ ಸುಬ್ಬರಾವ್ ಗಾಂಧೀಜಿ ಕರೆಗೆ ಓಗೊಟ್ಟು ಖಾದಿ ತೊಟ್ಟರು. ಇಂಗ್ಲಿಷ್ ಪ್ರಾಧ್ಯಾಪಕರ ಕಣ್ಣು ಕೆಂಪಾಯಿತು. ಎಂ.ಬಿ.ಬಿ.ಎಸ್. ಕೈತಪ್ಪಿ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಸಿಕ್ಕಿತು. 1922ರಲ್ಲಿ ಹೆಂಡತಿಯನ್ನು ಊರಲ್ಲೇ ಬಿಟ್ಟು, ಮಾವ ಮತ್ತು ದಾನಿಗಳು ಕೊಟ್ಟ ದುಡ್ಡಿನಲ್ಲಿ ಬಾಸ್ಟನ್‌ಗೆ ಹೊರಟರು. ಮತ್ತೆ ಊರು ಕಾಣಲಿಲ್ಲ. ಅಲ್ಲಿ ಹೊಟ್ಟೆಪಾಡಿಗೆ ರಾತ್ರಿ ಆಸ್ಪತ್ರೆಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆದಿದ್ದೂ ಉಂಟು.

ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಜೊತೆ ಕೂತು 1925ರಲ್ಲಿ ಪ್ರಕಟಿಸಿದ್ದು ರಕ್ತ, ಮೂತ್ರದಲ್ಲಿ ರಂಜಕ ಎಷ್ಟಿದೆ ಎಂದು ಅಳೆಯುವ ವಿಧಾನ. ದ್ರಾವಣಕ್ಕೆ ಮಾಲಿಬ್ಡೇಟ್ ಬೆರೆಸಿ, ಇನ್ನೊಂದು ರಾಸಾಯನಿಕ ಹಾಕಿದರೆ ನೀಲಿ ಬಣ್ಣ ಏಳುತ್ತೆ. ನೀಲಿ ಗಾಢವಾದಷ್ಟೂ ರಂಜಕ ಹೆಚ್ಚು. ಇಷ್ಟೇ. ಆದರೆ ಸ್ನಾಯುವಿನ ರಸಕ್ಕೆ ಇದನ್ನೇ ಮಾಡಿದಾಗ ಬಣ್ಣ ತಡವಾಗಿ ಬಂತು. ಬೇರೆಯವರಾಗಿದ್ದರೆ ಕೈಬಿಡುತ್ತಿದ್ದರೇನೋ. ಇವರು ಬೆನ್ನುಹತ್ತಿ 1927ರಲ್ಲಿ ಫಾಸ್ಫೋಕ್ರಿಯೇಟಿನ್ ಹಿಡಿದರು, 1929ರಲ್ಲಿ ದೇಹದ ಶಕ್ತಿಯ ನಾಣ್ಯವಾದ ಎ.ಟಿ.ಪಿ.ಯನ್ನೂ ಕಂಡರು. ಅದೇ ವರ್ಷ ಜರ್ಮನಿಯ ಲೋಹ್ಮಾನ್ ಕೂಡ ಎ.ಟಿ.ಪಿ. ಕಂಡುಹಿಡಿದಿದ್ದರು. ಪುಸ್ತಕಗಳಲ್ಲಿ ಹೆಚ್ಚಾಗಿ ಅವರ ಹೆಸರೇ ಉಳಿಯಿತು.

ಇಷ್ಟೆಲ್ಲ ಆದರೂ ಹಾರ್ವರ್ಡ್ ಕಾಯಂ ಹುದ್ದೆ ಕೊಡಲಿಲ್ಲ. 1940ರಲ್ಲಿ ನ್ಯೂಯಾರ್ಕ್ ರಾಜ್ಯದ ಲೆಡರ್ಲಿ ಔಷಧ ಕಂಪನಿಗೆ ಹೋದರು. ಮುಂದಿನ ಎಂಟೇ ವರ್ಷದಲ್ಲಿ ಅವರ ತಂಡದಿಂದ ಸಾಲುಸಾಲಾಗಿ ಔಷಧ ಬಂದವು: ಫೋಲಿಕ್ ಆಮ್ಲ, ಆನೆಕಾಲಿನ ಮದ್ದು, ಆರಿಯೋಮೈಸಿನ್ ಎಂಬ ಆಂಟಿಬಯೋಟಿಕ್. ಫೋಲಿಕ್ ಆಮ್ಲ ಸಹೋದರರನ್ನು ಕೊಂದ ಸ್ಪ್ರೂ ಬೇನೆಗೂ ಮದ್ದಾಯಿತು ಅನ್ನೋದನ್ನು ಮರೆಯುವಂತಿಲ್ಲ. ಅದೇ ಆಮ್ಲದ ಕೆಲಸ ತಡೆಯುವ ಅಮಿನೋಪ್ಟೆರಿನ್ ಅನ್ನು ಬಾಸ್ಟನ್‌ನ ಡಾ. ಸಿಡ್ನಿ ಫಾರ್ಬರ್ ರಕ್ತ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟರು. ಕಾಯಿಲೆ ತಾತ್ಕಾಲಿಕವಾಗಿಯಾದರೂ ಹಿಂಜರಿಯಿತು. ಅದರದೇ ಒಡಹುಟ್ಟು ಮೆಥೊಟ್ರೆಕ್ಸೇಟ್ ಇವತ್ತಿಗೂ ಕ್ಯಾನ್ಸರಿಗೂ ಕೀಲುವಾತಕ್ಕೂ ಬಳಕೆಯಲ್ಲಿದೆ.

ಹಾಗಾದರೆ ಹೆಸರು ಎಲ್ಲಿ ಹೋಯ್ತು? ವಿಜ್ಞಾನಿಗಳನ್ನು ಅಳೆಯಲು ಈಗ ಒಂದು ಲೆಕ್ಕವಿದೆ. ಯಾರ ಪ್ರಬಂಧವನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದರು ಅನ್ನೋದೇ ಆ ಲೆಕ್ಕ. 1925ರ ಪ್ರಬಂಧವನ್ನು ಸಾವಿರಾರು ಸಲ ಉಲ್ಲೇಖಿಸಿದ್ದಾರೆ. ಅಷ್ಟು ಹಳೆಯ ಪ್ರಬಂಧಗಳಲ್ಲಿ ಆ ಮಟ್ಟ ಮುಟ್ಟಿದವು ತೀರಾ ಕಮ್ಮಿ. ಆದರೆ 1960ರ ದಶಕದಲ್ಲಿ ಅಮೆರಿಕದಲ್ಲಿ ಅಚ್ಚಾಗತೊಡಗಿದ ಉಲ್ಲೇಖ ಸೂಚಿಯಲ್ಲಿ ಮೊದಲ ಲೇಖಕರ ಹೆಸರಿನ ಕೆಳಗಷ್ಟೇ ಲೆಕ್ಕ ಬರೆಯುತ್ತಿದ್ದರು. ಹೀಗಾಗಿ ಅದೆಲ್ಲ ಫಿಸ್ಕ್ ಖಾತೆಗೆ ಹೋಯಿತು. 1946ರ ಫೋಲಿಕ್ ಆಮ್ಲದ ಪ್ರಬಂಧ ಆಂಜಿಯರ್ ಮತ್ತಿತರರು ಎಂದಾಯಿತು. ಆನೆಕಾಲು ಮದ್ದಿನ 1947ರ ಪ್ರಬಂಧ ಹೆವಿಟ್ ಮತ್ತಿತರರು ಎಂದಾಯಿತು. ಆ ಮತ್ತಿತರರಲ್ಲೊಬ್ಬರು ನಮ್ಮ ಸುಬ್ಬರಾವ್. ಫಾರ್ಬರ್ ಅವರ ಪ್ರಬಂಧದ ಲೇಖಕರ ಸಾಲಿನಲ್ಲಿ ಅವರ ಹೆಸರೇ ಇಲ್ಲ. ಸ್ವಂತ ಪ್ರಚಾರದ ಹಂಬಲವೂ ಅವರಿಗಿರಲಿಲ್ಲ ಅನ್ನಿ.

ಫಾರ್ಬರ್ ಪ್ರಬಂಧ ಹೊರಬಂದದ್ದು 1948ರ ಜೂನ್‌ನಲ್ಲಿ. ಎರಡು ತಿಂಗಳು ಕಳೆಯುವಷ್ಟರಲ್ಲಿ, ಆಗಸ್ಟ್‌ನಲ್ಲಿ ಸುಬ್ಬರಾವ್ ಮಲಗಿದ್ದಲ್ಲೇ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 53. ಭಾರತದ ಅಂಚೆ ಇಲಾಖೆ 1995ರಲ್ಲಿ, ಅವರ ನೂರನೇ ವರ್ಷಕ್ಕೆ, ಅಂಚೆಚೀಟಿ ತಂದಿತು. ಪ್ರಯೋಗಾಲಯಗಳಲ್ಲಿ ರಂಜಕ ಅಳೆಯುವ ಆ ರಾಸಾಯನಿಕ ಮಾತ್ರ ಇಂದಿಗೂ ಫಿಸ್ಕ್-ಸುಬ್ಬರಾವ್ ಎಂಬ ಜೋಡಿ ಹೆಸರಿನಲ್ಲೇ ಮಾರಾಟವಾಗುತ್ತದೆ.