ಹೊಡೆದವರ ಮೇಲೆ ಕೇಸು ಹಾಕದ ವಕೀಲ ಗಾಂಧಿ

ಗಾಂಧೀಜಿ ಮೇಲಿನ ದಾಳಿ ಎಂದರೆ ಎಲ್ಲರಿಗೂ ನೆನಪಾಗುವುದು 1948ರ ಜನವರಿ 30. ಆದರೆ ಅದಕ್ಕೂ 51 ವರ್ಷ ಮೊದಲು, ಇನ್ನೊಂದು ಜನವರಿಯಲ್ಲಿ, ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಅವರು ಕೂದಲೆಳೆಯಲ್ಲಿ ಪಾರಾಗಿದ್ದರು.

ಆಗಿನ್ನೂ ಅವರು ಮಹಾತ್ಮರಲ್ಲ, 27 ವರ್ಷದ ಬ್ಯಾರಿಸ್ಟರ್. 1896ರಲ್ಲಿ ಊರಿಗೆ ಬಂದಿದ್ದಾಗ ರಾಜಕೋಟ್‌ನಲ್ಲಿ ದಕ್ಷಿಣ ಆಫ್ರಿಕಾದ ಭಾರತೀಯರ ಪಾಡು ವಿವರಿಸಿ ಪುಸ್ತಿಕೆಯೊಂದನ್ನು ಬರೆದಿದ್ದರು. ರಾಯಿಟರ್ಸ್ ತಂತಿಯಲ್ಲಿ ಅದು ಕೆಲವೇ ಸಾಲುಗಳಾಗಿ ನಟಾಲ್ ತಲುಪುವಷ್ಟರಲ್ಲಿ ಅರ್ಥವೇ ಕೆಟ್ಟಿತ್ತು. ಗಾಂಧಿ ಬಿಳಿಯರ ಮಾನ ಕಳೆದಿದ್ದಾರೆ, ಈಗ ಎರಡು ಹಡಗು ತುಂಬ ಭಾರತೀಯರನ್ನು ಕರೆತರುತ್ತಿದ್ದಾರೆ ಎಂಬ ಸುದ್ದಿ ಹಬ್ಬಿತು. ಮುಂಬೈನಲ್ಲಿ ಪ್ಲೇಗ್ ಇದ್ದದ್ದು ನಿಜ. ಆದರೆ ಹಡಗುಗಳನ್ನು ಮೂರು ವಾರಕ್ಕೂ ಹೆಚ್ಚು ಕಾಲ ತಡೆದು ನಿಲ್ಲಿಸಿದ್ದಕ್ಕೆ ಅದೊಂದೇ ಕಾರಣವಾಗಿರಲಿಲ್ಲ.

1897ರ ಜನವರಿ 13ರ ಸಂಜೆ ಗಾಂಧಿ ದಡಕ್ಕಿಳಿದರು. ಗುರುತು ಹಿಡಿದ ಗುಂಪು ಕಲ್ಲು, ಮೊಟ್ಟೆ ಎಸೆಯಿತು, ಪೇಟ ಕಿತ್ತುಕೊಂಡಿತು, ಒದೆಯಿತು. ಮನೆಯೊಂದರ ಕಬ್ಬಿಣದ ಕಂಬಿ ಹಿಡಿದು ನಿಂತಿದ್ದ ಅವರನ್ನು ಉಳಿಸಿದ್ದು ಪೊಲೀಸ್ ಸೂಪರಿಂಟೆಂಡೆಂಟ್ ಅಲೆಕ್ಸಾಂಡರ್ ಅವರ ಪತ್ನಿ. ಆ ದಾರಿಯಾಗಿ ಬಂದ ಆಕೆ ಕೊಡೆ ಬಿಚ್ಚಿ ನಡುವೆ ನಿಂತುಬಿಟ್ಟರು. ಆಕೆಯೂ ಬಿಳಿಯರೇ ಎಂಬುದನ್ನು ಮರೆಯುವಂತಿಲ್ಲ.

ಹಲ್ಲೆಕೋರರ ಮೇಲೆ ಕ್ರಮ ಕೈಗೊಳ್ಳುವಂತೆ ಲಂಡನ್‌ನಿಂದ ವಸಾಹತು ಸಚಿವ ಚೇಂಬರ್ಲೇನ್ ತಂತಿ ಕಳುಹಿಸಿದರು. ಗಾಂಧಿ ಒಪ್ಪಲಿಲ್ಲ. ಸುಳ್ಳು ನಂಬಿ ಕೆರಳಿದ ಜನರನ್ನು ಶಿಕ್ಷಿಸಿ ಫಲವಿಲ್ಲ, ಕೆರಳಿಸಿದ ಮುಖಂಡರು ಮತ್ತು ಸರ್ಕಾರದ್ದೇ ಹೊಣೆ ಎಂಬುದು ಅವರ ವಾದ. ಕೇಸು ಬೇಡವೆಂದು ಬರೆದೂ ಕೊಟ್ಟರು.

ಬಿಳಿಯರನ್ನು ಕ್ಷಮಿಸಿದ್ದಕ್ಕಿಂತ ಕಷ್ಟದ ಪರೀಕ್ಷೆ ಬಂದದ್ದು ತಮ್ಮವರಿಂದಲೇ. 1908ರಲ್ಲಿ ಜನರಲ್ ಸ್ಮಟ್ಸ್ ಜೊತೆ ರಾಜಿಯಾಗಿ, ಭಾರತೀಯರು ಸ್ವಇಚ್ಛೆಯಿಂದ ಹೆಸರು ನೋಂದಾಯಿಸಬೇಕೆಂದು ಗಾಂಧಿ ಹೇಳಿದಾಗ, ಅವರು ಸಮುದಾಯವನ್ನು ಹಣಕ್ಕೆ ಮಾರಿದರೆಂಬ ಗುಮಾನಿ ಎದ್ದಿತು. ಫೆಬ್ರುವರಿ 10ರಂದು ಜೋಹಾನ್ಸ್‌ಬರ್ಗ್‌ನಲ್ಲಿ ನೋಂದಣಿ ಕಚೇರಿಗೆ ಹೊರಟಿದ್ದ ಅವರ ತಲೆಗೆ ಮೀರ್ ಆಲಂ ಎಂಬ ಪಠಾಣ ದೊಣ್ಣೆಯಿಂದ ಬಡಿದ. ಆತ ಅವರದೇ ಕಕ್ಷಿದಾರ. ಪ್ರಜ್ಞೆ ತಪ್ಪಿ ಬಿದ್ದ ಗಾಂಧಿಯನ್ನು ಪಾದ್ರಿ ಜೋಸೆಫ್ ಡೋಕ್ ಮನೆಗೆ ಕರೆದೊಯ್ದು ಆರೈಕೆ ಮಾಡಿದರು. ಗಾಂಧಿ ಅಟಾರ್ನಿ ಜನರಲ್‌ಗೆ ತಂತಿ ಕಳುಹಿಸಿ ಹೊಡೆದವರನ್ನು ಬಿಡಬೇಕೆಂದು ಕೋರಿದರು. ಬಿಟ್ಟರು ಕೂಡ. ಆದರೆ ಬೀದಿಯಲ್ಲಿ ನಡೆದ ಅಪರಾಧವನ್ನು ಸುಮ್ಮನೆ ಬಿಡಬಾರದೆಂದು ಅಲ್ಲಿನ ಬಿಳಿಯರು ಪಟ್ಟು ಹಿಡಿದಿದ್ದರಿಂದ ಮೀರ್ ಆಲಂ ಜೈಲಿಗೆ ಹೋದ.

ನೋಂದಣಿ ಕಾಯ್ದೆ ರದ್ದಾಗಲಿಲ್ಲ. ಸ್ಮಟ್ಸ್ ಮಾತು ತಪ್ಪಿದರೆಂದು ಆಗಸ್ಟ್ 16ರಂದು ಹಮೀದಿಯಾ ಮಸೀದಿಯ ಅಂಗಳದಲ್ಲಿ ಭಾರತೀಯರು ಎರಡು ಸಾವಿರಕ್ಕೂ ಹೆಚ್ಚು ನೋಂದಣಿ ಪತ್ರಗಳನ್ನು ಸುಟ್ಟರು. ಆ ಸಭೆಗೆ ಮೀರ್ ಆಲಂ ಕೂಡ ಬಂದಿದ್ದ. ಎಲ್ಲರೆದುರು ಎದ್ದುನಿಂತು ತಾನು ಹೊಡೆದದ್ದು ತಪ್ಪೆಂದು ಒಪ್ಪಿಕೊಂಡು, ತನ್ನ ಹಳೆಯ ಪತ್ರವನ್ನೂ ಬೆಂಕಿಗೆ ಕೊಟ್ಟ. ಗಾಂಧಿ ಅವನ ಕೈ ಹಿಡಿದು ಗಟ್ಟಿಯಾಗಿ ಅದುಮಿದರು.