ವಡೋದರಾದ ಗುಮ್ಮಟ ಕಟ್ಟಿದ ಚಿಸಂ

ಫತೇಗಂಜ್‌ನಿಂದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದತ್ತ ಸಾಗುವಾಗ ಕಲಾ ವಿಭಾಗದ ಬೃಹತ್ ಗುಮ್ಮಟವನ್ನು ಕಂಡು ನಾವು ಕನ್ನಡಿಗರು ಕ್ಷಣಕಾಲ ವಿಜಾಪುರವನ್ನು ನೆನೆಯುತ್ತೇವೆ. ಈ ಸಾಮ್ಯ ಆಕಸ್ಮಿಕವಲ್ಲ. 1656ರಲ್ಲಿ ಪೂರ್ಣಗೊಂಡ ಗೋಲಗುಮ್ಮಟವೇ ಇದಕ್ಕೆ ಸ್ಫೂರ್ತಿ.

ಇದರ ನಿರ್ಮಾತೃ ರಾಬರ್ಟ್ ಫೆಲೋಸ್ ಚಿಸಂ. 1840ರಲ್ಲಿ ಜನಿಸಿದ ಈ ಬ್ರಿಟಿಷ್ ವಾಸ್ತುಶಿಲ್ಪಿ ಮದರಾಸಿನಲ್ಲಿ ಪ್ರೆಸಿಡೆನ್ಸಿ ಕಾಲೇಜು ಹಾಗೂ ಸೆನೆಟ್ ಹೌಸ್‌ಗಳನ್ನು ರೂಪಿಸಿ ಹೆಸರಾದರು. ವಿಲಾಯತಿಯ ಮಾದರಿಯನ್ನೇ ನಕಲು ಮಾಡದೆ, ಈ ನೆಲದ ಕಮಾನು, ಗುಮ್ಮಟಗಳನ್ನು ಶ್ರದ್ಧೆಯಿಂದ ಅಭ್ಯಸಿಸಿದರು.

ವಡೋದರಾದ ಲಕ್ಷ್ಮೀ ವಿಲಾಸ ಅರಮನೆಯನ್ನು ಯೋಜಿಸಿದ್ದ ಮೇಜರ್ ಚಾರ್ಲ್ಸ್ ಮಾಂಟ್ 1881ರಲ್ಲಿ ತೀರಿಕೊಂಡರು. ತಮ್ಮ ಲೆಕ್ಕಾಚಾರ ತಪ್ಪಿ ಕಟ್ಟಡ ಕುಸಿದೀತೆಂಬ ಆತಂಕ ಅವರನ್ನು ಕಾಡಿತ್ತೆಂಬ ಮಾತು ಪ್ರಚಲಿತವಾಗಿದೆ. ಅರ್ಧಕ್ಕೆ ನಿಂತ ಆ ಹೊಣೆಯನ್ನು ಚಿಸಂ ಹೊತ್ತರು. 1890ರಲ್ಲಿ ಅರಮನೆ ಪೂರ್ಣಗೊಂಡಿತು. ಅದೇ ದಶಕದಲ್ಲಿ ಬರೋಡಾ ಕಾಲೇಜಿನ ಇಟ್ಟಿಗೆಯ ಗುಮ್ಮಟವೂ ಮೇಲೆದ್ದಿತು. ಭಾರತೀಯ ಗುಮ್ಮಟಗಳ ರಚನಾಕ್ರಮವನ್ನು ಅವರು ಲಂಡನ್ನಿನ ವಾಸ್ತುಶಿಲ್ಪಿಗಳಿಗೂ ಪ್ರಬಂಧದ ಮೂಲಕ ವಿವರಿಸಿದರು.

1915ರಲ್ಲಿ ಚಿಸಂ ನಿಧನರಾದರು. ಮಾಂಟ್ ಅಂಜಿದ್ದರೆನ್ನಲಾದ ಅರಮನೆ ಇಂದಿಗೂ ಅಚಲವಾಗಿದೆ. 1949ರಲ್ಲಿ ವಿಶ್ವವಿದ್ಯಾಲಯದ ಅಂಗವಾದ ಕಾಲೇಜಿನ ಗುಮ್ಮಟದ ನೆರಳಿನಲ್ಲಿ ವಿದ್ಯಾರ್ಥಿಗಳು ಓದುತ್ತಿದ್ದಾರೆ. ಮುಂದಿನ ಬಾರಿ ಅತ್ತ ಹೋದಾಗ ಮಕ್ಕಳಿಗೆ ಅದನ್ನು ತೋರಿಸಿ, ವಿಜಾಪುರದ ಕಥೆಯನ್ನೂ ಹೇಳೋಣ.