ಲೋಕ್ ವಾನ್ ಥೋ

ಲೋಕ್ ವಾನ್ ಥೋ (14 ಜೂನ್ 1915 – 20 ಜೂನ್ 1964) ಸಿಂಗಾಪುರದ ಚಿತ್ರೋದ್ಯಮಿ, ಕ್ಯಾಥೆ ಸಂಸ್ಥೆಯ ಸ್ಥಾಪಕರು. ಪಕ್ಷಿ ಛಾಯಾಗ್ರಾಹಕರೆಂದೂ ಪ್ರಸಿದ್ಧರು. ಕ್ವಾಲಾಲಂಪುರದಲ್ಲಿ ಜನಿಸಿ ಕೇಂಬ್ರಿಡ್ಜ್‌ನಲ್ಲಿ ವ್ಯಾಸಂಗ ಮಾಡಿದರು.

1942ರಲ್ಲಿ ಜಪಾನಿ ಸೇನೆ ಸಿಂಗಾಪುರವನ್ನು ಸಮೀಪಿಸಿದಾಗ, ಅವರು ಊರು ತೊರೆದು ಹೊರಟಿದ್ದ ಹಡಗು ಬಾಂಬ್ ದಾಳಿಗೆ ತುತ್ತಾಯಿತು. ತೀವ್ರ ಸುಟ್ಟಗಾಯಗಳಾಗಿ ಕೆಲಕಾಲ ದೃಷ್ಟಿಯೂ ಇಲ್ಲವಾಗಿತ್ತು. ಅನಂತರ ಭಾರತದಲ್ಲಿ ಆಶ್ರಯ ಪಡೆದ ಅವರಿಗೆ ಪಕ್ಷಿತಜ್ಞ ಸಲೀಂ ಅಲಿಯವರ ಸ್ನೇಹ ದೊರೆಯಿತು. ಇಬ್ಬರೂ ಕಛ್, ಸಿಕ್ಕಿಂ ಮುಂತಾದೆಡೆ ಸಂಚರಿಸಿದರು. ಸಲೀಂ ಅಲಿಯವರ ಕ್ಷೇತ್ರಕಾರ್ಯಕ್ಕೆ ಲೋಕ್ ಹಣದ ನೆರವನ್ನೂ ನೀಡಿದರು. ಒಮ್ಮೆ ಬೆಳಕನ್ನೇ ಕಾಣದಾಗಿದ್ದ ಕಣ್ಣುಗಳು ಗೂಡಿನ ಸಮೀಪ ಕಟ್ಟಿದ ಮರೆಯೊಳಗಿಂದ ಹಕ್ಕಿಯ ಬರವನ್ನು ಕಾಯತೊಡಗಿದ್ದು ಅವರ ಬದುಕಿನ ವಿಶೇಷ. ಹಾಡುಹಕ್ಕಿಗಳಂತಹ ಪುಟ್ಟ, ಚಂಚಲ ಜೀವಿಗಳ ಚಿತ್ರಣಕ್ಕೆ ಆ ತಾಳ್ಮೆ ಅನಿವಾರ್ಯವೇ ಸರಿ.

ಅವರ 'ಎ ಕಂಪನಿ ಆಫ್ ಬರ್ಡ್ಸ್' ಗ್ರಂಥ 1957ರಲ್ಲಿ ಪ್ರಕಟವಾಯಿತು. ಏಷ್ಯನ್ ಚಲನಚಿತ್ರೋತ್ಸವಕ್ಕಾಗಿ ತೈವಾನ್‌ಗೆ ತೆರಳಿದ್ದಾಗ, 49ನೆಯ ವಯಸ್ಸಿನಲ್ಲಿ, ಪತ್ನಿಯೊಡನೆ ವಿಮಾನ ಅಪಘಾತದಲ್ಲಿ ನಿಧನರಾದರು.